ಮೊದಲು ಭೂತಗನ್ನಡಿ ಎಣಿಸಿ: ಯೂತ್ ಎಂಡೋಮೆಂಟ್ ಫಂಡ್ ಟೂಲ್‌ಕಿಟ್ ಬಳಸುವವರಿಗೆ

ಚಾಕು ಹಿಡಿದು ಓಡಾಡುವ, ಗುಂಪು ಕಟ್ಟಿಕೊಂಡು ಬಡಿದಾಡುವ ಹುಡುಗರನ್ನು ಆ ದಾರಿಯಿಂದ ತಿರುಗಿಸಲು ಯಾವ ಕಾರ್ಯಕ್ರಮಕ್ಕೆ ಹಣ ಹಾಕಬೇಕು? ಈ ಪ್ರಶ್ನೆ ಎದುರಾದವರಿಗೆಂದೇ ಮಾಡಿದ ಉಚಿತ ಆನ್‌ಲೈನ್ ಕೈಪಿಡಿ ಈ ಟೂಲ್‌ಕಿಟ್. ಬ್ರಿಟನ್ ಸರ್ಕಾರದ ಗೃಹ ಇಲಾಖೆ ಕೊಟ್ಟ 20 ಕೋಟಿ ಪೌಂಡ್ ನಿಧಿಯಿಂದ 2019ರಲ್ಲಿ ಶುರುವಾದ ಯೂತ್ ಎಂಡೋಮೆಂಟ್ ಫಂಡ್, 2021ರಲ್ಲಿ ಇದನ್ನು ಹೊರತಂದಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಯೂತ್ ವರ್ಕರ್‌ಗಳು (ಹದಿಹರೆಯದವರ ಜೊತೆ ಬೆರೆತು ಕೆಲಸ ಮಾಡುವವರು), ಶಾಲೆಗಳು, ಪೊಲೀಸರು, ಸ್ಥಳೀಯ ಆಡಳಿತಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಾದರೂ ಅಪರಾಧಶಾಸ್ತ್ರ ಓದುವವರು ಎಲ್ಲಿದ್ದರೂ ಬಳಸಬಹುದು. ದುಬಾರಿ ಜರ್ನಲ್‌ಗಳಲ್ಲಿ ಅಡಗಿರುವ ಸಂಶೋಧನೆಯನ್ನು ಸೋಸಿ, ಒಂದು ವಿಧಾನಕ್ಕೆ ಒಂದು ಪುಟದಂತೆ ಸರಳ ಭಾಷೆಯಲ್ಲಿ ಕೊಟ್ಟಿದ್ದಾರೆ.

ಪ್ರತಿ ಪುಟದಲ್ಲೂ ಮೂರು ಅಳತೆಗಳಿವೆ. ಹಿಂಸೆಯ ಮೇಲೆ ಪರಿಣಾಮ ಎಷ್ಟು ಎಂಬುದು ಒಂದು. ಆ ಮಾತಿಗೆ ಆಧಾರ ಎಷ್ಟು ಗಟ್ಟಿ ಎಂಬುದು ಇನ್ನೊಂದು. ಇದನ್ನು ಒಂದರಿಂದ ಐದರವರೆಗಿನ ಭೂತಗನ್ನಡಿ ಚಿತ್ರಗಳಲ್ಲಿ ತೋರಿಸುತ್ತಾರೆ. ಮೂರನೆಯದು ಖರ್ಚು, ಪೌಂಡ್ ಚಿಹ್ನೆಗಳಲ್ಲಿ. ಬಹುತೇಕರು ಎಡವುವುದು ಮೊದಲ ಎರಡು ಅಳತೆಗಳಲ್ಲೇ. ಪರಿಣಾಮ 'ಹೆಚ್ಚು' ಎಂದು ಕಂಡದ್ದೇ ತಡ, ಅರ್ಜಿಯಲ್ಲಿ 'ಇದು ಸಾಬೀತಾದ ವಿಧಾನ' ಎಂದು ಬರೆದುಬಿಡುತ್ತಾರೆ. ಆಸ್ಪತ್ರೆಯ ತುರ್ತು ವಿಭಾಗದ ನ್ಯಾವಿಗೇಟರ್‌ಗಳ ಪುಟ ನೋಡಿ. ಇರಿತಕ್ಕೊಳಗಾಗಿ ಬಂದ ಹುಡುಗನ ಹಾಸಿಗೆಯ ಪಕ್ಕದಲ್ಲೇ ಕೂತು ಮಾತಾಡಿ, ಅವನು ಮನೆಗೆ ಹೋದ ಮೇಲೂ ವಾರಗಟ್ಟಲೆ ಬೆನ್ನಿಗೆ ನಿಲ್ಲುವ ಕೆಲಸ ಅದು. ನೋವು, ಭಯ ಇನ್ನೂ ಹಸಿಯಾಗಿರುವ ಆ ಕೆಲವು ಗಂಟೆಗಳಲ್ಲಿ ಹುಡುಗ ಕಿವಿಗೊಡುತ್ತಾನೆ ಎಂಬುದು ಅದರ ಹಿಂದಿನ ತರ್ಕ. ಪರಿಣಾಮದ ಅಂದಾಜು ದೊಡ್ಡದು, ಭೂತಗನ್ನಡಿಗಳು ಮಾತ್ರ ಕಡಿಮೆ. ಅಂದರೆ ಮಾಡಿ ನೋಡಬಹುದು, ಆದರೆ ಮಾಡುವಾಗಲೇ ಅಳೆಯುವ ವ್ಯವಸ್ಥೆಯೂ ಇರಲಿ. ಎರಡು ಅಳತೆಗಳನ್ನು ಕೂಡಿಸಿಯೇ ಓದಬೇಕು. ಭೂತಗನ್ನಡಿ ಮೊದಲು, ಪರಿಣಾಮ ಆಮೇಲೆ.

ಶೇಕಡಾವಾರು ಲೆಕ್ಕವನ್ನೂ ಬಿಡಿಸಿ ನೋಡಬೇಕು. ಏನೂ ಮಾಡದಿದ್ದರೆ 100 ಹುಡುಗರಲ್ಲಿ 10 ಮಂದಿ ಹಿಂಸೆಗಿಳಿಯುತ್ತಿದ್ದರು ಎಂದಿಟ್ಟುಕೊಳ್ಳಿ. ಶೇ. 20ರಷ್ಟು ಇಳಿಕೆ ಎಂದರೆ ಆ 10 ಮಂದಿ 8 ಆಗುತ್ತಾರೆ, ಅಂದರೆ ಹಿಂಸೆಯಿಂದ ಪಾರಾದವರು ಇಬ್ಬರು. ಅದೇ ಕಾರ್ಯಕ್ರಮವನ್ನು 100ಕ್ಕೆ 40 ಮಂದಿ ಅಪಾಯದ ಅಂಚಿನಲ್ಲಿರುವ ಗುಂಪಿಗೆ ಕೊಟ್ಟರೆ 8 ಮಂದಿ ಪಾರಾಗುತ್ತಾರೆ. ಖರ್ಚು ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಯಾರನ್ನು ಸೇರಿಸಿಕೊಳ್ಳುತ್ತೇವೆ ಎಂಬುದು ಯಾವ ವಿಧಾನ ಎಂಬುದರಷ್ಟೇ ಮುಖ್ಯ.

ಈ ಟೂಲ್‌ಕಿಟ್ ಮಾಡಿರುವ ದೊಡ್ಡ ಉಪಕಾರವೆಂದರೆ 'ಹಾನಿಕರ' ಎಂಬ ಒಂದು ದರ್ಜೆಯನ್ನು ಇಟ್ಟಿರುವುದು. ಹುಡುಗರನ್ನು ಜೈಲಿಗೆ ಕರೆದೊಯ್ದು, ಕೈದಿಗಳಿಂದ ಗದರಿಸಿ ಹೆದರಿಸುವ ಕಾರ್ಯಕ್ರಮಗಳು ಇದಕ್ಕೆ ಸರಿಯಾದ ಉದಾಹರಣೆ. ಅಮೆರಿಕದಲ್ಲಿ 1967ರಿಂದ 1992ರವರೆಗೆ ನಡೆದ 9 ಯಾದೃಚ್ಛಿಕ ಪ್ರಯೋಗಗಳನ್ನು, ಅಂದರೆ ಯಾರಿಗೆ ಕಾರ್ಯಕ್ರಮ ಯಾರಿಗೆ ಇಲ್ಲ ಎಂದು ಚೀಟಿ ಎತ್ತಿದಂತೆ ವಿಂಗಡಿಸಿ ಮಾಡಿದ ಅಧ್ಯಯನಗಳನ್ನು, ಸಂಶೋಧನೆಗಳನ್ನು ಸೋಸುವ ಅಂತರರಾಷ್ಟ್ರೀಯ ಜಾಲವಾದ ಕ್ಯಾಂಪ್‌ಬೆಲ್ ಕೊಲಾಬರೇಷನ್‌ನ ಪರಿಶೀಲನೆ ಒಟ್ಟುಗೂಡಿಸಿದಾಗ, ಜೈಲು ನೋಡಿ ಬಂದವರೇ ನೋಡದವರಿಗಿಂತ ಹೆಚ್ಚು ಅಪರಾಧ ಮಾಡಿದ್ದು ಕಂಡಿತು. ಕೇಳಲು ಎಷ್ಟು ಸಹಜವೆನಿಸುವ ಉಪಾಯ! ಅದಕ್ಕೇ ಅದು ಮತ್ತೆ ಮತ್ತೆ ತಲೆ ಎತ್ತುತ್ತದೆ.

ಪ್ರೀತಿಯಿಂದ ಮಾಡಿದ ಕೆಲಸವೂ ಕೆಡಬಹುದು ಎಂಬುದನ್ನು ಅಪರಾಧಶಾಸ್ತ್ರಜ್ಞೆ ಜೋನ್ ಮೆಕಾರ್ಡ್ ತೋರಿಸಿಕೊಟ್ಟರು. ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಊರುಗಳಲ್ಲಿ 1939ರಲ್ಲಿ ಶುರುವಾದ ಯೋಜನೆಯಲ್ಲಿ 506 ಹುಡುಗರನ್ನು ಜೋಡಿ ಜೋಡಿಯಾಗಿ ಆರಿಸಿ, ಪ್ರತಿ ಜೋಡಿಯಲ್ಲಿ ಒಬ್ಬನಿಗೆ ವರ್ಷಗಟ್ಟಲೆ ಸಲಹೆಗಾರರ ಭೇಟಿ, ಪಾಠದ ನೆರವು, ಬೇಸಿಗೆ ಶಿಬಿರ ಎಲ್ಲವನ್ನೂ ಕೊಟ್ಟಿದ್ದರು. ಮೂವತ್ತು ವರ್ಷಗಳ ನಂತರ ಅವರನ್ನೆಲ್ಲ ಹುಡುಕಿ, 1978ರಲ್ಲಿ ಮೆಕಾರ್ಡ್ ಪ್ರಕಟಿಸಿದ ಫಲಿತಾಂಶದಲ್ಲಿ ನೆರವು ಪಡೆದವರ ಬದುಕೇ ಹಲವು ಲೆಕ್ಕಗಳಲ್ಲಿ ಹದಗೆಟ್ಟಿತ್ತು. ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋದವರ ಸ್ಥಿತಿ ಇನ್ನೂ ಕೆಟ್ಟದ್ದು ಎಂಬುದು ಮುಂದಿನ ವಿಶ್ಲೇಷಣೆಯಲ್ಲಿ ಹೊರಬಿತ್ತು. ಅಪಾಯದ ಅಂಚಿನ ಹುಡುಗರನ್ನೇ ಒಂದೆಡೆ ಗುಡ್ಡೆ ಹಾಕಿ, ಬಿಡುವಿನ ಹೊತ್ತನ್ನು ಖಾಲಿ ಬಿಟ್ಟರೆ, ಒಬ್ಬರ ಪ್ರತಾಪ ಇನ್ನೊಬ್ಬರಿಗೆ ಪಾಠವಾಗುತ್ತದೆ. ಕ್ರೀಡೆಯಾಗಲಿ ಶಿಬಿರವಾಗಲಿ, ಏನನ್ನೇ ಯೋಜಿಸುವವರೂ ಗುಂಪಿನ ಬೆರಕೆ, ದೊಡ್ಡವರ ಸಂಖ್ಯೆ, ಬಸ್ಸಿನಲ್ಲಿ ಕಳೆಯುವ ಸಮಯ ಇವನ್ನೆಲ್ಲ ಮೊದಲೇ ಬರೆದಿಟ್ಟುಕೊಳ್ಳಬೇಕು. ಟೂಲ್‌ಕಿಟ್ ಪುಟಗಳಲ್ಲಿ ಈ ಎಚ್ಚರಿಕೆ ಇನ್ನೂ ದಪ್ಪ ಅಕ್ಷರಗಳಲ್ಲಿ ಇರಬೇಕಿತ್ತು.

ಅರಿವಿನ ವರ್ತನಾ ಚಿಕಿತ್ಸೆ, ಅಂದರೆ ತನ್ನ ಯೋಚನೆಯನ್ನು ತಾನೇ ಗಮನಿಸಿ ನಡೆಯನ್ನು ತಿದ್ದಿಕೊಳ್ಳಲು ಕಲಿಸುವ ಸಿಬಿಟಿಯ ಪುಟ ಚೆನ್ನಾಗಿದೆ, ಆಧಾರವೂ ಗಟ್ಟಿ. ಶಿಕಾಗೋದ 'ಬಿಕಮಿಂಗ್ ಎ ಮ್ಯಾನ್' ಇದರ ಹೆಸರುವಾಸಿ ರೂಪ: ಶಾಲೆಯ ವೇಳೆಯಲ್ಲೇ, ವಾರಕ್ಕೊಂದು ತಾಸು, ಸಣ್ಣ ಗುಂಪು. ಮೊದಲ ದಿನದ ಆಟದಲ್ಲಿ ಒಬ್ಬನ ಮುಷ್ಟಿಯಲ್ಲಿ ಚೆಂಡು. 30 ಸೆಕೆಂಡಿನಲ್ಲಿ ಅದನ್ನು ಪಡೆಯಬೇಕೆಂದು ಜೊತೆಗಾರನಿಗೆ ಹೇಳುತ್ತಾರೆ. ಬಹುತೇಕ ಎಲ್ಲರೂ ಕಿತ್ತುಕೊಳ್ಳಲು ಹೋಗುತ್ತಾರೆ. 'ಕೊಡು ಎಂದು ಕೇಳಬಹುದಿತ್ತಲ್ಲ?' ಎಂಬ ಪ್ರಶ್ನೆಯಿಂದ ಚರ್ಚೆ ಶುರು. 2017ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಕಾರ್ಯಕ್ರಮ ನಡೆಯುತ್ತಿದ್ದ ಅವಧಿಯಲ್ಲಿ ಹಿಂಸಾಪರಾಧಕ್ಕಾಗಿ ಬಂಧನಗಳು ಶೇ. 45ರಿಂದ 50ರಷ್ಟು ಇಳಿದವು. ಮುಗಿದ ಮೇಲೆ ಆ ಇಳಿಕೆ ಉಳಿಯಲಿಲ್ಲ. ನಕಲು ಮಾಡುವವರು ಕೆಡಿಸುವುದು ಎಲ್ಲಿ ಎಂದರೆ, ಆಟವನ್ನು ಉಪನ್ಯಾಸವಾಗಿಸುವುದರಲ್ಲಿ, ಇಡೀ ವರ್ಷದ ಪಾಠವನ್ನು ಆರು ವಾರಕ್ಕೆ ಹಿಂಡುವುದರಲ್ಲಿ.

'ಫೋಕಸ್ಡ್ ಡಿಟರೆನ್ಸ್' ಪುಟವನ್ನೂ ನಿಧಾನವಾಗಿ ಓದಬೇಕು. ಹಿಂಸೆಯಲ್ಲಿ ತೊಡಗಿದ ಕೆಲವೇ ಗುಂಪುಗಳನ್ನು ಗುರುತಿಸಿ ನೇರವಾಗಿ ಎಚ್ಚರಿಸುವ, ಜೊತೆಗೆ ನೆರವೂ ಕೊಡುವ, ಬಾಸ್ಟನ್ನಿನ 1996ರ ಆಪರೇಷನ್ ಸೀಸ್‌ಫೈರ್ ಯೋಜನೆಯಿಂದ ಬೆಳೆದ ವಿಧಾನ ಇದು. ಹಿಂಸೆ ನಿಲ್ಲದಿದ್ದರೆ ಕಾನೂನಿನ ಬಿಸಿ, ನಿಲ್ಲಿಸಿದರೆ ಕೆಲಸ, ಚಿಕಿತ್ಸೆ, ಮನೆಯ ನೆರವು, ಜೊತೆಗೆ ತಾಯಂದಿರ ಹಾಗೂ ಕೇರಿಯ ಹಿರಿಯರ ದನಿ: ಹೀಗೆ ಮೂರು ಕಾಲುಗಳ ಮೇಲೆ ಇದು ನಿಂತಿದೆ. ಹಣ ಕಡಿಮೆಯಾದಾಗ ಮೊದಲು ಮುರಿಯುವುದು ನಡುವಿನ ಕಾಲು, ಆಮೇಲೆ ಉಳಿಯುವುದು ಬರೀ ಬೆದರಿಕೆ. ಇನ್ನು, 2019ರ ಕ್ಯಾಂಪ್‌ಬೆಲ್ ಪರಿಶೀಲನೆಯ 24 ಅಧ್ಯಯನಗಳಲ್ಲಿ ಒಂದೂ ಯಾದೃಚ್ಛಿಕ ಪ್ರಯೋಗವಲ್ಲ. ಫಲಿತಾಂಶ ಉತ್ಸಾಹ ತರುವಂಥದ್ದೇ, ಆದರೆ ಅಧ್ಯಯನ ಬಿಗಿಯಾದಷ್ಟೂ ಪರಿಣಾಮ ಚಿಕ್ಕದಾಗಿ ಕಾಣುತ್ತದೆ.

ಕೈಪಿಡಿ ಸೋಲುವುದು ಬೀದಿ ಬದಿಯ ಯೂತ್ ವರ್ಕ್ ವಿಷಯದಲ್ಲಿ. ಬಸ್ ನಿಲ್ದಾಣ, ಮೆಟ್ಟಿಲು, ಪಾರ್ಕಿನ ಮೂಲೆಗೆ ತಾನೇ ಹೋಗಿ ಹುಡುಗರ ಗೆಳೆತನ ಗಳಿಸುವ ಕೆಲಸಕ್ಕೆ ಹಾಜರಿ ಪಟ್ಟಿ ಇರುವುದಿಲ್ಲ. ಬರುವುದು ಬಿಡುವುದು ಹುಡುಗರ ಇಷ್ಟ. ಯಾರಿಗೆ ನೆರವು, ಯಾರಿಗೆ ಇಲ್ಲ ಎಂದು ಚೀಟಿ ಎತ್ತಿ ವಿಂಗಡಿಸಲಾಗದು. ನಂಬಿಕೆ ಹುಟ್ಟಲೇ ತಿಂಗಳುಗಳು ಬೇಕು, ಅನುದಾನ ಬರುವುದು ಒಂದೇ ವರ್ಷಕ್ಕೆ. ಹೀಗಾಗಿ ಇಂಥ ಕೆಲಸಕ್ಕೆ ಅಂಕ ಸಿಗುವುದೇ ಕಷ್ಟ. ಆಧಾರ ಸಾಲದು ಎಂಬುದನ್ನು ಫಲವಿಲ್ಲ ಎಂದು ಓದಿ ಅನುದಾನ ಕಡಿತಗೊಳಿಸುವುದು ಅನ್ಯಾಯ. ಬೀದಿಯಲ್ಲೇ ಕಾಲ ಕಳೆದು ಬರೆದ ಕ್ಷೇತ್ರಾಧ್ಯಯನಗಳನ್ನು ಇಲ್ಲಿ ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ಸಾರಾಂಶದ ಪುಟದಲ್ಲೇ ನಿಲ್ಲದೆ ತಾಂತ್ರಿಕ ವರದಿ ತೆರೆಯಿರಿ. ಅಧ್ಯಯನಗಳು ಯಾವ ದೇಶದವು ಎಂದು ನೋಡಿ; ಬಹುಪಾಲು ಅಮೆರಿಕದವು, ಬಂದೂಕು ಸುಲಭವಾಗಿ ಸಿಗುವ ಕಡೆಯವು. ಅಳೆದದ್ದು ಬಂಧನವನ್ನೋ, ಹುಡುಗರ ಸ್ವಂತ ಹೇಳಿಕೆಯನ್ನೋ, ಬರೀ ವರ್ತನೆಯ ತೊಂದರೆಯನ್ನೋ? ಹೋಲಿಕೆಯ ಗುಂಪಿಗೆ ಏನೂ ಕೊಟ್ಟಿರಲಿಲ್ಲವೋ, ಬೇರೆ ನೆರವು ಇತ್ತೋ? ನಡುವೆ ಬಿಟ್ಟುಹೋದವರನ್ನು ಲೆಕ್ಕದಲ್ಲಿ ಉಳಿಸಿಕೊಂಡಿದ್ದಾರೋ? ಅವರನ್ನು ಕೈಬಿಟ್ಟಿದ್ದರೆ ಫಲಿತಾಂಶ ಇದ್ದದ್ದಕ್ಕಿಂತ ಹೊಳೆಯುತ್ತದೆ. ಹೊಸ ಅಧ್ಯಯನ ಬಂದಂತೆ ದರ್ಜೆಗಳೂ ಬದಲಾಗುತ್ತವೆ, ಆದ್ದರಿಂದ ವರದಿಯಲ್ಲಿ ಉಲ್ಲೇಖಿಸುವಾಗ ಪುಟ ನೋಡಿದ ದಿನಾಂಕವನ್ನೂ ಬರೆದುಕೊಳ್ಳಿ.