ದಾವಣಗೆರೆಯಲ್ಲಿ ಪೇಸ್‌ಮೇಕರ್ ಚೆಕಪ್: ಕೆಲಸ ಚೊಕ್ಕ, ವ್ಯವಸ್ಥೆ ಸಡಿಲ

ಊರಿನ ಖಾಸಗಿ ಆಸ್ಪತ್ರೆಯೊಂದರ ಪೇಸ್‌ಮೇಕರ್ ತಪಾಸಣೆಗೆ ಐದಕ್ಕೆ ಮೂರೂವರೆ ಅಂಕ.

ಬರೀ ಬ್ಯಾಟರಿ ನೋಡಿ ಸಾಗಹಾಕುವುದಿಲ್ಲ. ಲೀಡ್ ಇಂಪಿಡೆನ್ಸ್ (ಹೃದಯಕ್ಕೆ ಹೋಗುವ ತಂತಿಯ ವಿದ್ಯುತ್ ತಡೆ), ಸೆನ್ಸಿಂಗ್ (ಹೃದಯದ ಸ್ವಂತ ಬಡಿತವನ್ನು ಪೇಸ್‌ಮೇಕರ್ ಗುರುತಿಸುವುದು), ಥ್ರೆಶೋಲ್ಡ್ (ಬಡಿತ ಹುಟ್ಟಿಸಲು ಬೇಕಾದ ಕನಿಷ್ಠ ವೋಲ್ಟೇಜ್) ಮೂರನ್ನೂ ಅಳೆಯುತ್ತಾರೆ. ಇಂಪಿಡೆನ್ಸ್ ಹಿಂದಿನ ಅಳತೆಗಿಂತ ಏಕಾಏಕಿ ಕುಸಿದರೆ ತಂತಿಯ ಹೊದಿಕೆ ಹರಿದಿರಬಹುದು. ವಿಪರೀತ ಏರಿದರೆ ತಂತಿ ತುಂಡಾಗಿರಬಹುದು, ಇಲ್ಲವೇ ಅದನ್ನು ಪೇಸ್‌ಮೇಕರ್ ಡಬ್ಬಿಗೆ ಬಿಗಿದ ಸ್ಕ್ರೂ ಸಡಿಲವಾಗಿರಬಹುದು. ಥ್ರೆಶೋಲ್ಡ್‌ಗೆ ವೋಲ್ಟೇಜನ್ನು ಹಂತ ಹಂತವಾಗಿ ಇಳಿಸುತ್ತಾ ಇಸಿಜಿ ಪರದೆ ನೋಡುತ್ತಾರೆ. ಪರದೆಯಲ್ಲಿ ಪೇಸ್‌ಮೇಕರ್ ಮಿಡಿತದ ಗೆರೆ ಇದ್ದೂ ಅದರ ಬೆನ್ನಲ್ಲೇ ಬಡಿತ ಬೀಳದಿದ್ದರೆ ಅಳತೆ ಅಲ್ಲಿಗೆ ಮುಗಿಯಿತು. ಆ ಗಳಿಗೆ ತಲೆ ಸುತ್ತಬಹುದು, ಹೆದರಬೇಕಿಲ್ಲ.

ಹಲವೆಡೆ ತಪ್ಪಿಹೋಗುವ ಕೆಲಸ ಇದರ ಮುಂದಿನದು. ಹೊಸದಾಗಿ ಹಾಕಿದಾಗ ಔಟ್‌ಪುಟ್ (ಪೇಸ್‌ಮೇಕರ್ ಕೊಡುವ ವೋಲ್ಟೇಜ್) ಸಾಮಾನ್ಯವಾಗಿ 3.5 ವೋಲ್ಟ್ ಆಸುಪಾಸು ಇರುತ್ತದೆ, ಲೀಡ್‌ನ ತುದಿ ಮಾಗುವವರೆಗೆ. ಮೂರು ತಿಂಗಳ ನಂತರ ಥ್ರೆಶೋಲ್ಡ್ 0.75 ವೋಲ್ಟ್ ಬಂದರೆ ಅದರ ದುಪ್ಪಟ್ಟು, ಅಂದರೆ 1.5ರ ಹತ್ತಿರ ಸಾಕು. ಇಳಿಸದೆ ಬಿಟ್ಟರೆ ಬ್ಯಾಟರಿ ವರ್ಷಗಳಷ್ಟು ಮೊದಲೇ ಖಾಲಿ. ಇಲ್ಲಿ ಕೇಳದೆಯೇ ಇಳಿಸುತ್ತಾರೆ, ಭೇಷ್.

ಅಂಕ ಕಳೆದದ್ದು ಬೇರೆ ಕಾರಣಕ್ಕೆ. ಮೆಡ್‌ಟ್ರಾನಿಕ್ ಕಂಪನಿಯ ಪ್ರೋಗ್ರಾಮರ್ (ಪೇಸ್‌ಮೇಕರ್ ಓದಿ ಹೊಂದಿಸುವ ಯಂತ್ರ) ಅಬಾಟ್ ಕಂಪನಿಯ ಪೇಸ್‌ಮೇಕರ್ ಓದುವುದಿಲ್ಲ. ಆಯಾ ಕಂಪನಿಯವರೇ ಪ್ರೋಗ್ರಾಮರ್ ತರಬೇಕು. ಅವರು ಬರುವ ದಿನವನ್ನು ಕೌಂಟರ್‌ನಲ್ಲಿ ಹೇಳುವವರಿಲ್ಲ. ಜಗಳೂರಿನಿಂದ ಬಂದವರು ಬರಿಗೈಯಲ್ಲಿ ಬಸ್ ಹತ್ತಬೇಕಾ? ರಿಪೋರ್ಟ್‌ನ ಪ್ರಿಂಟನ್ನೂ ಕೇಳಿದರಷ್ಟೇ ಕೊಡುತ್ತಾರೆ. ಬಿಡಬೇಡಿ, ಮುಂದಿನ ಸಲ ಹೋಲಿಸಲು ಅದೇ ಆಧಾರ.

ಹೊರಡುವ ಮುನ್ನ ಪೇಸ್‌ಮೇಕರ್ ಕಾರ್ಡ್ ನೋಡಿ, ಕಂಪನಿ ಮತ್ತು ಮಾಡೆಲ್ ನಂಬರ್ ಹೇಳಿ ಫೋನ್ ಮಾಡಿ. ಹೊಲಿಗೆಯ ಜಾಗ ಕೆಂಪಾಗಿ ಊದಿದ್ದರೆ ಮಾತ್ರ ಕಂಪನಿಯವರಿಗೆ ಕಾಯಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ.