ಫಿನ್ಲೆಂಡಿನ ಮೂರು ವಿಚಿತ್ರ ಆಲ್ಬಂಗಳು: ಮೊದಲು ಯಾವುದನ್ನು ಕೇಳಬೇಕು?

ಎಪ್ಪತ್ತರ ದಶಕದ ರಾಕ್ ಇಷ್ಟ, ಆದರೆ ಇಂಗ್ಲೆಂಡಿನ ದೊಡ್ಡ ಬ್ಯಾಂಡ್‌ಗಳನ್ನೇ ಕೇಳಿ ಕೇಳಿ ಸಾಕಾಗಿದೆ ಅನ್ನುವ ಗೆಳೆಯರಿಗೆ ನಾನು ಫಿನ್ಲೆಂಡ್ ಕಡೆ ಹೋಗಿ ಅನ್ನುತ್ತೇನೆ. ಆಗ ಅವರು ಕೇಳುವುದು ಒಂದೇ: ಯಾವುದರಿಂದ ಶುರು ಮಾಡಲಿ? ನನ್ನ ಮಟ್ಟಿಗೆ ಪೈಪೋಟಿ ಇರುವುದು ಮೂರು ಆಲ್ಬಂಗಳ ನಡುವೆ. ಹೈಕರಾ ಬ್ಯಾಂಡ್ ತನ್ನದೇ ಹೆಸರಲ್ಲಿ ತಂದ ಮೊದಲ ಆಲ್ಬಂ (1972), ವಿಗ್ವಾಮ್‌ನ 'ಬೀಯಿಂಗ್' (1974), ಹೊಯ್ರಿ-ಕೋನೆಯ 'ಹ್ಯೊಂಟೆಯ್ಸಿಯಾ ವೋಯ್ ರಕಸ್ತಾ' (1995). ಮೂರೂ ಪ್ರೋಗ್ರೆಸ್ಸಿವ್ ರಾಕ್, ಅಂದರೆ ಉದ್ದದ, ಹಲವು ತಿರುವುಗಳಿರುವ ಜಟಿಲ ರಚನೆಯ ರಾಕ್. ಮೂರೂ ಒಂಥರಾ ವಿಚಿತ್ರ. ಈಚೆಗೆ ಮೂರನ್ನೂ ಅಕ್ಕಪಕ್ಕ ಇಟ್ಟುಕೊಂಡು ಮತ್ತೆ ಮತ್ತೆ ಕೇಳಿದೆ. ನನ್ನ ಉತ್ತರ 'ಬೀಯಿಂಗ್'.

ಮೊದಲ ಸಲಕ್ಕೇ ಹಿಡಿದು ಅಲ್ಲಾಡಿಸುವುದು ಮಾತ್ರ ಹೈಕರಾ. ಇರುವುದು ಐದೇ ಹಾಡು. ಗಿಟಾರಿನ ಭಾರವಾದ ಹೊಡೆತ, ಅದರ ಮೇಲೆ ಸ್ಯಾಕ್ಸೊಫೋನ್, ಇದ್ದಕ್ಕಿದ್ದ ಹಾಗೆ ಎಲ್ಲ ನಿಂತು ಒಂದು ಕೊಳಲು. ಗಾಯಕ ವೆಸಾ ಲೆಹ್ತಿನೆನ್ ಹಾಡುವುದಕ್ಕಿಂತ ಜಾಸ್ತಿ ಪಾತ್ರ ಮಾಡುತ್ತಾರೆ. ಗದರುತ್ತಾರೆ, ಗೋಗರೆಯುತ್ತಾರೆ. ಮೊದಲ ಹಾಡು ಒಬ್ಬ ಬಡ ಹುಡುಗನ ಬೇಡಿಕೆ. ಫಿನ್ನಿಶ್ ಒಂದಕ್ಷರ ಗೊತ್ತಿಲ್ಲದಿದ್ದರೂ ಆ ದನಿಯಿಂದಲೇ ಅರ್ಧ ವಿಷಯ ತಿಳಿಯುತ್ತದೆ. ಕೊನೆಯ ಹಾಡು 'ಮನಾಲಾ', ಅಂದರೆ ಫಿನ್ನರ ಪುರಾಣದ ಪಾತಾಳ. ಹೆಸರಿಗೆ ತಕ್ಕ ಹಾಗೆ ಕತ್ತಲು.

ನನಗೆ ಇದರಲ್ಲಿ ಕಾಡುವ ಕೊರತೆ ಒಂದಿದೆ. ಒಂದು ಭಾಗದಿಂದ ಇನ್ನೊಂದಕ್ಕೆ ಜಿಗಿಯುವಾಗ ಹೊಲಿಗೆ ಕಾಣುತ್ತದೆ. ಬೆಚ್ಚಿಬೀಳಿಸುವುದಕ್ಕೆಂದೇ ಬಂದ ತಿರುವು ಮೂರನೇ ಸಲ ಕೇಳುವಾಗ ಬೆಚ್ಚಿಸುವುದಿಲ್ಲ. ಅಲ್ಲಿ ಹಿಡಿದುಕೊಳ್ಳಲು ಒಂದು ರಾಗ ಬೇಕು. ಹೈಕರಾದಲ್ಲಿ ಅದು ಕೆಲವು ಕಡೆ ಸಿಗುತ್ತದೆ, ಕೆಲವು ಕಡೆ ಇಲ್ಲ.

ಹೊಯ್ರಿ-ಕೋನೆ ಬೇರೆಯೇ ಕಾಲದ್ದು. ಆಲ್ಬಂ ಹೆಸರಿನ ಅರ್ಥ 'ಕೀಟಗಳನ್ನು ಪ್ರೀತಿಸಬಹುದು'. ಎರಡು ಗಿಟಾರ್, ಚೆಲ್ಲೊ, ವಯಲಿನ್. ಹಾಡಿದ್ದು ತೋಪಿ ಲೆಹ್ತಿಪೂ. ಅವರು ಮುಂದೆ ಯುರೋಪಿನ ಒಪೆರಾ ವೇದಿಕೆಗಳಲ್ಲಿ ಹೆಸರು ಮಾಡಿದ ಟೆನರ್, ಅಂದರೆ ಎತ್ತರದ ಸ್ವರದ ಗಂಡು ಗಾಯಕ. ಆ ತಿದ್ದಿದ ದನಿ ಇಷ್ಟು ಒರಟು ಗಿಟಾರುಗಳ ಮೇಲೆ ತೇಲುವುದನ್ನು ಕೇಳುವುದೇ ಒಂದು ಸುಖ. ಆದರೆ ಹಳೇ ಕಾಲದ ಬೆಚ್ಚನೆಯ ಸದ್ದು ಬೇಕು ಅನ್ನುವವರಿಗೆ ಇದು ಸ್ವಲ್ಪ ಚೂಪಾಗಿ ಕೇಳಿಸುತ್ತದೆ. ಇಂಗ್ಲೆಂಡಿನ ಪ್ರೋಗ್ರೆಸ್ಸಿವ್ ಬ್ಯಾಂಡ್ ಕಿಂಗ್ ಕ್ರಿಮ್ಸನ್‌ನ ಒರಟು ಮುಖ ಇಷ್ಟಪಟ್ಟವರು ಇಲ್ಲಿಂದಲೇ ಶುರು ಮಾಡಲಿ, ತಪ್ಪೇನಿಲ್ಲ.

ಈಗ 'ಬೀಯಿಂಗ್'. ಈ ವಿಗ್ವಾಮ್ ತಂಡದಲ್ಲಿ ಗಿಟಾರಿಸ್ಟ್ ಇಲ್ಲ! ರಾಕ್ ಬ್ಯಾಂಡ್, ಆದರೆ ಗಿಟಾರಿಸ್ಟ್ ಇಲ್ಲ. ಆರ್ಗನ್ ಮುಂದೆ ಯುಕ್ಕಾ ಗುಸ್ತಾವ್ಸನ್, ಪಿಯಾನೊದಲ್ಲಿ ಜಿಮ್ ಪೆಂಬ್ರೋಕ್, ಬಾಸ್‌ನಲ್ಲಿ (ತಗ್ಗಿನ ಸ್ವರಗಳನ್ನು ನುಡಿಸುವ ತಂತಿವಾದ್ಯ) ಪೆಕ್ಕಾ ಪೊಹ್ಯೊಲಾ, ಡ್ರಮ್ಸ್‌ನಲ್ಲಿ ರಾನಿ ಓಸ್ಟರ್‌ಬರ್ಗ್. ಪೆಂಬ್ರೋಕ್ ಲಂಡನ್ನಿನವರು, ಅರವತ್ತರ ದಶಕದಲ್ಲೇ ಫಿನ್ಲೆಂಡಿಗೆ ಬಂದು ನೆಲೆಸಿದವರು. ಹಾಡುಗಳು ಇಂಗ್ಲಿಷಿನಲ್ಲಿವೆ. ಆದರೆ ಹೆಚ್ಚಿನವನ್ನು ಬರೆದದ್ದು ಗುಸ್ತಾವ್ಸನ್. ಅವರ ಇಂಗ್ಲಿಷು ಉದ್ದುದ್ದ ಪದಗಳದ್ದು, ಒಂದೇ ಸಾಲಿಗೆ ಏನೇನೋ ತುರುಕಿದ್ದು. ಕಾರ್ಮಿಕ, ಸಣ್ಣ ಬಂಡವಾಳದ ಮಧ್ಯಮವರ್ಗದವನು, ಮೇಷ್ಟ್ರು, ಪ್ರವಾದಿ ಹೀಗೆ ಹಾಡಿನ ಹೆಸರುಗಳಲ್ಲೇ ಸಮಾಜದ ಒಬ್ಬೊಬ್ಬರು ಬಂದು ನಿಲ್ಲುತ್ತಾರೆ. ಕಾಗದದ ಮೇಲೆ ಓದಿದರೆ ಭಾಷಣ ಅನಿಸುತ್ತದೆ. ಅವರ ದನಿಯಲ್ಲಿ ಕೇಳಿದರೆ ಹಾಗನಿಸುವುದಿಲ್ಲ, ಯಾಕೆಂದರೆ ಆ ಮನುಷ್ಯ ಪ್ರತಿ ಪದವನ್ನೂ ನಂಬಿ ಹಾಡುತ್ತಿದ್ದಾರೆ.

ಗಿಟಾರ್ ಇಲ್ಲದ ಜಾಗವನ್ನು ತುಂಬುವುದು ಬಾಸ್. ನನ್ನನ್ನು ಈ ಆಲ್ಬಂಗೆ ಕಟ್ಟಿಹಾಕಿದ್ದೇ ಅದು. ಪೊಹ್ಯೊಲಾ ಮೂಲತಃ ವಯಲಿನ್ ಕಲಿತವರು. ಅವರ ಬಾಸ್ ಸುಮ್ನೆ ಕೆಳಗೆ ಕೂತು ತಾಳ ಹಿಡಿಯುವುದಿಲ್ಲ, ತಾನೂ ಹಾಡುತ್ತದೆ. ಎಡಗೈಯಲ್ಲಿ ಆರ್ಗನ್ ಒಂದು ಸಾಲು ಹೇಳಿದರೆ ಬಾಸ್ ಅದಕ್ಕೆ ಎದುರು ಸಾಲು ಹೇಳುತ್ತದೆ. ಮೇಲೆ ದನಿ ಮೂರನೆಯದನ್ನು ಹೇಳುತ್ತಿರುತ್ತದೆ. 'ಪ್ಲಾನೆಟಿಸ್ಟ್' ಪೊಹ್ಯೊಲಾ ಬರೆದದ್ದು. ಅದನ್ನು ಒಮ್ಮೆ ಬರೀ ಬಾಸ್ ಹಿಂದೆ ಹೋಗಿ ಕೇಳಿ, ಇನ್ನೊಮ್ಮೆ ಬರೀ ಕೀಬೋರ್ಡುಗಳ ಹಿಂದೆ ಹೋಗಿ ಕೇಳಿ. ಎರಡು ಬೇರೆ ಬೇರೆ ಹಾಡು ಸಿಗುತ್ತದೆ. ವಿಚಿತ್ರ ಅನ್ನುವುದು ಇಲ್ಲಿ ರಾಗದ ಒಳಗೇ ಇದೆ, ಹೊರಗಿನಿಂದ ತಂದು ಅಂಟಿಸಿದ್ದಲ್ಲ. ಅದಕ್ಕೇ ಹಳತಾಗುವುದಿಲ್ಲ. ಹೈಕರಾಗೂ ಇದಕ್ಕೂ ನಾನು ಕಾಣುವ ದೊಡ್ಡ ವ್ಯತ್ಯಾಸ ಇದೇ.

ಇದಕ್ಕೆ ಸಲಕರಣೆ ಮುಖ್ಯ. ಫೋನಿನ ಸ್ಪೀಕರ್‌ನಲ್ಲಿ ಹೈಕರಾ ಹೇಗೋ ನಡೆಯುತ್ತದೆ, ಹೊಯ್ರಿ-ಕೋನೆ ಕೂಡ. 'ಬೀಯಿಂಗ್' ನಡೆಯುವುದಿಲ್ಲ. ಬಾಸ್ ಮಾಯವಾಗಿ ಅರ್ಧ ಸಂಗೀತವೇ ಹೋಗುತ್ತದೆ. ಹೆಡ್‌ಫೋನ್ ಹಾಕಿ, ಶಫಲ್ ಆಫ್ ಮಾಡಿ, ಮೊದಲಿನಿಂದ ಕೊನೆಯವರೆಗೆ ಕೇಳಿ. ಬಿಡಿ ಹಾಡುಗಳಾಗಿ ಕೇಳಿದರೆ ಇದರ ಸ್ವಾರಸ್ಯ ಸಿಗುವುದಿಲ್ಲ. ಮೊದಲ ಸಲ ತುಸು ಕಗ್ಗಂಟು ಅನಿಸಬಹುದು. ಮೂರರಲ್ಲಿ ನಿಧಾನಕ್ಕೆ ಒಲಿಯುವುದು ಇದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ವಿಗ್ವಾಮ್ ಅಂದರೆ 1975ರ 'ನ್ಯೂಕ್ಲಿಯರ್ ನೈಟ್‌ಕ್ಲಬ್' ಅಲ್ವಾ ಅಂತ ಕೇಳುವವರಿದ್ದಾರೆ. ಒಳ್ಳೆಯ ಆಲ್ಬಂ, ಪೆಂಬ್ರೋಕ್ ಹಾಡುಗಳು ಸಲೀಸಾಗಿ ನಾಲಿಗೆಗೆ ಹತ್ತುತ್ತವೆ. ಆದರೆ ಅಷ್ಟು ಹೊತ್ತಿಗೆ ಗುಸ್ತಾವ್ಸನ್, ಪೊಹ್ಯೊಲಾ ಇಬ್ಬರೂ ಬಿಟ್ಟಿದ್ದರು, ಗಿಟಾರ್ ಬಂದಿತ್ತು. ಅದು ಬೇರೆ ಬ್ಯಾಂಡ್ ಎಂದೇ ಇಟ್ಟುಕೊಳ್ಳಿ. 'ಬೀಯಿಂಗ್' ಹಿಡಿಸಿದರೆ ಮುಂದಿನ ಹೆಜ್ಜೆ ಪೊಹ್ಯೊಲಾ 1974ರಲ್ಲೇ ತಂದ ಸ್ವಂತ ಆಲ್ಬಂ 'ಹರಕ್ಕಾ ಬಿಯಾಲೊಯ್‌ಪೊಕ್ಕು'. ಆಮೇಲೆ ಬೇಕಾದರೆ ಹೈಕರಾಕ್ಕೆ ಬನ್ನಿ.