ಮೇಯೊ, ಮೊಸರು, ಸವರ್ ಕ್ರೀಮ್: ಪಿಕ್‌ನಿಕ್ ಸಲಾಡಿಗೆ ಯಾವುದು ಒಳ್ಳೆಯದು?

ನಾವಿರುವ ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇ ಬಂತೆಂದರೆ ಕುಕ್‌ಔಟ್ ಕಾಲ, ಅಂದರೆ ಬಯಲಲ್ಲೇ ಬೇಯಿಸಿ ಒಟ್ಟಿಗೆ ಉಣ್ಣುವ ಕಾಲ ಶುರು. ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ಮುಗಿಯುವ ತನಕ ಯಾರದ್ದಾದರೂ ಕರೆ ಇದ್ದೇ ಇರುತ್ತದೆ. ಒಂದು ವಾರ ಕನ್ನಡ ಕೂಟದ ಪಿಕ್‌ನಿಕ್, ಇನ್ನೊಂದು ವಾರ ಆಫೀಸಿನವರದ್ದು, ಆಮೇಲೆ ಪಕ್ಕದ ಮನೆಯವರ ಹಿತ್ತಿಲಲ್ಲಿ. ಎಲ್ಲಿಗೂ ಕೈಬೀಸಿಕೊಂಡು ಹೋಗುವ ಹಾಗಿಲ್ಲ. ಚಿತ್ರಾನ್ನ, ಪುಳಿಯೋಗರೆ ತರುವುದಕ್ಕೆ ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ನಾನು ಸಲಾಡ್ ಹಿಡಿದುಕೊಂಡೆ.

ಸಲಾಡ್ ಎಂದರೆ ಸೊಪ್ಪಿನ ಮೇಲೆ ನಿಂಬೆ ಹಿಂಡಿದ್ದಲ್ಲ. ಇಲ್ಲಿನವರ ಕುಕ್‌ಔಟ್ ಟೇಬಲ್ ಮೇಲೆ ತಪ್ಪದೇ ಇರುವ, ಬೆಳ್ಳಗೆ ಕೆನೆಕೆನೆಯಾಗಿರುವ ತಣ್ಣನೆಯ ತರಕಾರಿ ಸಲಾಡ್. ಎಲೆಕೋಸಿನದ್ದಾದರೆ ಕೋಲ್‌ಸ್ಲಾ, ಹಸಿ ಬ್ರಾಕೊಲಿಯದ್ದಾದರೆ ಬ್ರಾಕೊಲಿ ಸಲಾಡ್. ಎರಡಕ್ಕೂ ಮೇಲೆ ಕಲಸುವ ಡ್ರೆಸ್ಸಿಂಗೇ ಜೀವ. ಅದನ್ನು ಯಾವುದರಲ್ಲಿ ಮಾಡಬೇಕು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬೇಸಿಗೆ ಬೇಸಿಗೆಯೂ ನಾನು ಒಂದೊಂದನ್ನೇ ಮಾಡಿ ನೋಡಿದೆ. ಅಡುಗೆಮನೆಯಲ್ಲಿ ಕಲಸಿದ ಕೂಡಲೇ ಬಾಯಿಗೆ ಹಾಕಿಕೊಂಡರೆ ಎಲ್ಲವೂ ಚೆನ್ನಾಗಿಯೇ ಇರುತ್ತವೆ. ಎರಡು ಗಂಟೆ ಬಿಟ್ಟು, ಪಾರ್ಕಿನ ಮರದ ಟೇಬಲ್ ಮೇಲೆ ತಿಂದು ನೋಡಿ. ಅಲ್ಲಿ ಬರುವ ಫಲಿತಾಂಶವೇ ಬೇರೆ.

ಮೊದಲು ಮೇಯೊ, ಅಂದರೆ ಎಣ್ಣೆ, ಮೊಟ್ಟೆಯ ಹಳದಿ, ಹುಳಿ ಸೇರಿಸಿ ಕಡೆದ ಮೇಯೊನೀಸ್. ಈ ಕಡೆಯ ಜನಕ್ಕೆ ಮೇಯೊ ಎಂದರೆ ಡ್ಯೂಕ್ಸ್. ಯೂಜೀನಿಯಾ ಡ್ಯೂಕ್ ಎಂಬ ಹೆಂಗಸು 1917ರಲ್ಲಿ ಸೌತ್ ಕ್ಯಾರೊಲೈನಾದ ಗ್ರೀನ್‌ವಿಲ್‌ನಲ್ಲಿ ಸೈನಿಕರಿಗೆ ಸ್ಯಾಂಡ್‌ವಿಚ್ ಮಾಡಿ ಮಾರುತ್ತಿದ್ದರು. ಸ್ಯಾಂಡ್‌ವಿಚ್‌ಗಿಂತ ಅದರೊಳಗಿನ ಮೇಯೊ ಹೆಚ್ಚು ಹೆಸರು ಮಾಡಿತು. ಇದರಲ್ಲಿ ಸಕ್ಕರೆ ಹಾಕುವುದಿಲ್ಲ, ಹುಳಿ ಸ್ವಲ್ಪ ಮುಂದಿರುತ್ತದೆ. ನಮ್ಮ ನಾಲಿಗೆಗೆ ಇದು ಹೊಂದುತ್ತದೆ. ಇನ್ನೊಂದು ದೊಡ್ಡ ಹೆಸರು ಹೆಲ್‌ಮನ್ಸ್. ಕ್ಯಾಲಿಫೋರ್ನಿಯಾ ಕಡೆ ಇರುವವರು ಆ ಹೆಸರಿಗೆ ಹುಡುಕಬೇಡಿ. ರಾಕಿ ಬೆಟ್ಟಗಳಿಂದ ಆಚೆ ಪಶ್ಚಿಮಕ್ಕೆ ಅದೇ ಮೇಯೊ ಬೆಸ್ಟ್ ಫುಡ್ಸ್ ಎಂಬ ಹೆಸರಿನಲ್ಲಿ ಸಿಗುತ್ತದೆ.

ಮೇಯೊದ ಬಲ ಅದರ ಎಣ್ಣೆಯಲ್ಲಿದೆ. ಅಮೆರಿಕದ ನಿಯಮದ ಪ್ರಕಾರ ತೂಕದಲ್ಲಿ 65 ಶೇಕಡಾ ಆದರೂ ಎಣ್ಣೆ ಇದ್ದರೆ ಮಾತ್ರ ಡಬ್ಬಿಯ ಮೇಲೆ ಮೇಯೊನೀಸ್ ಎಂದು ಬರೆಯಬಹುದು. ಆ ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಒಡೆದು, ಮೊಟ್ಟೆಯ ಹಳದಿ ಅದನ್ನು ಹಿಡಿದುಕೊಂಡಿರುತ್ತದೆ. ತರಕಾರಿ ನೀರು ಬಿಟ್ಟರೂ ಮೇಯೊ ತೆಳ್ಳಗಾಗುತ್ತದೆಯೇ ಹೊರತು ಸುಲಭಕ್ಕೆ ಒಡೆಯುವುದಿಲ್ಲ. ಬ್ರಾಕೊಲಿಯ ಹೂವನ್ನು ಹತ್ತಿರದಿಂದ ನೋಡಿದರೆ ಇದು ಗೊತ್ತಾಗುತ್ತದೆ. ಮೇಯೊ ಆ ಸಣ್ಣ ಮೊಗ್ಗುಗಳ ಸಂದಿಗೆಲ್ಲ ಇಳಿದು ಅಲ್ಲೇ ಕೂತಿರುತ್ತದೆ. ಮೊಸರಾದರೆ ಮೇಲೆ ಮೇಲೆ ಬಳಿದ ಸುಣ್ಣದ ಹಾಗೆ ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಜಾರಿ ತಳ ಸೇರುತ್ತದೆ.

ಆದರೆ ನಮ್ಮವರ ನಡುವೆ ಮೇಯೊಗೆ ಒಂದು ದೊಡ್ಡ ಅಡ್ಡಿ. ಕೂಟದ ಪಿಕ್‌ನಿಕ್‌ನಲ್ಲಿ ಪಾತ್ರೆಯ ಮುಚ್ಚಳ ತೆಗೆಯುವ ಮೊದಲೇ ಯಾರಾದರೂ ಒಬ್ಬರು ಆಂಟಿ ಬರುತ್ತಾರೆ. "ಏನಮ್ಮಾ, ಇದ್ರಲ್ಲಿ ಮೊಟ್ಟೆ ಇದ್ಯಾ?" ಇದೆ ಎಂದರೆ ಮುಗಿಯಿತು. ಅವರ ಹಿಂದೆ ಸಾಲಿನಲ್ಲಿ ನಿಂತವರೂ ತಟ್ಟೆಯನ್ನು ಕೋಸಂಬರಿ ಕಡೆ ತಿರುಗಿಸುತ್ತಾರೆ. ರುಚಿಯಲ್ಲಿ ಎಷ್ಟೇ ಮಾರ್ಕ್ಸ್ ಬರಲಿ, ಅರ್ಧ ಜನ ಮುಟ್ಟದ ಸಲಾಡನ್ನು ಹೊತ್ತುಕೊಂಡು ಹೋಗಿ ಏನು ಪ್ರಯೋಜನ ಅಲ್ವಾ?

ಮಿರಾಕಲ್ ವಿಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 1933ರಲ್ಲಿ, ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ, ಕ್ರಾಫ್ಟ್ ಕಂಪನಿ ಮೇಯೊಗಿಂತ ಅಗ್ಗವಾಗಿ ಸಿಗಲಿ ಎಂದು ತಂದದ್ದು. ಎಣ್ಣೆ ಕಡಿಮೆ, ಸಿಹಿ ಜಾಸ್ತಿ. ಮೇಯೊ ಎಂದು ಕರೆಯುವ ಹಾಗಿಲ್ಲ, ಡ್ರೆಸ್ಸಿಂಗ್ ಎಂದೇ ಬರೆದಿರುತ್ತಾರೆ. ಮೊಟ್ಟೆ ಇದರಲ್ಲೂ ಇದೆ. ಅದನ್ನೇ ತಿಂದು ಬೆಳೆದವರಿಗೆ ಇಷ್ಟವಾಗುತ್ತದೆ, ನನಗಂತೂ ಆಗಲಿಲ್ಲ. ಒಣದ್ರಾಕ್ಷಿ ಹಾಕಿದ ಬ್ರಾಕೊಲಿ ಸಲಾಡಿಗೆ ಇದನ್ನು ಬೆರೆಸಿದರೆ ಊಟದ ಜೊತೆ ಪಾಯಸ ತಿಂದ ಹಾಗಾಗುತ್ತದೆ. ನನ್ನ ಪಟ್ಟಿಯಲ್ಲಿ ಇದು ಕೊನೆಗೆ.

ಸವರ್ ಕ್ರೀಮ್ ಎಂದರೆ ಹೆಪ್ಪು ಹಾಕಿ ಹುಳಿ ಬರಿಸಿದ ಕೆನೆ. ಇದು ಮಾತ್ರ ಅಡುಗೆಮನೆಯ ರಾಜ. ಕಲಸಿದ ತಕ್ಷಣ ತಿಂದರೆ ಅಂಗಡಿಯ ಡಬ್ಬಿಗಳಲ್ಲಿ ಇದಕ್ಕೆ ಸಮ ಇನ್ನೊಂದಿಲ್ಲ. ಇಲ್ಲಿನ ನಿಯಮದಂತೆ ಅದರಲ್ಲಿ 18 ಶೇಕಡಾ ಆದರೂ ಹಾಲಿನ ಕೊಬ್ಬು ಇರಬೇಕು. ಹಾಗಾಗಿ ಮೊಸರಿನ ಹುಳಿಯೂ ಇದೆ, ಕೆನೆಯ ನಯವೂ ಇದೆ. ಸಬ್ಬಸಿಗೆ ಸೊಪ್ಪು ಹೆಚ್ಚಿ ಹಾಕಿ, ಸೌತೆಕಾಯಿ ತೆಳ್ಳಗೆ ಬಿಲ್ಲೆ ಮಾಡಿ ಕಲಸಿದರೆ ಮನೆಯಲ್ಲಿ ಪಾತ್ರೆ ಖಾಲಿಯಾಗುವುದು ನೋಡಲೇಬೇಕು. ಬಿಸಿಲಿಗೆ ಮಾತ್ರ ಇದು ಬಲು ನಾಜೂಕು. ತಣ್ಣಗಿದ್ದಾಗ ಗಟ್ಟಿಯಾಗಿದ್ದದ್ದು ಬೆಚ್ಚಗಾಗುತ್ತಲೇ ಸಡಿಲವಾಗುತ್ತದೆ. ಸೌತೆಕಾಯಿಯ ನೀರೂ ಸೇರಿದರೆ ಚಮಚದಿಂದ ಎತ್ತುವುದಲ್ಲ, ಸೌಟಿನಿಂದ ಬಡಿಸಬೇಕಾಗುತ್ತದೆ. ಸಸ್ಯಾಹಾರಿಗಳಿಗೆ ಇನ್ನೊಂದು ಮಾತು: ಕೆಲವು ಬ್ರ್ಯಾಂಡಿನ ಸವರ್ ಕ್ರೀಮ್‌ನಲ್ಲಿ, ಕೆಲವು ಯೋಗರ್ಟ್‌ನಲ್ಲೂ, ಗಟ್ಟಿ ಬರಲು ಜೆಲಟಿನ್ ಹಾಕಿರುತ್ತಾರೆ. ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವುದು. ಡಬ್ಬಿಯ ಹಿಂದೆ ಓದಿ. ಹಾಲು, ಕ್ರೀಮ್, ಹೆಪ್ಪು ಇಷ್ಟೇ ಇರುವ ಡಬ್ಬಿಗಳೂ ಬೇಕಾದಷ್ಟು ಸಿಗುತ್ತವೆ.

ಇನ್ನು ನಮ್ಮ ಮೊಸರು. ಮೊಸರು ಬಿಟ್ಟು ಬೇರೆ ಯಾಕೆ ಎನ್ನುವವರು ನಮ್ಮಲ್ಲಿ ಬಹಳ. ನಾನೂ ಮೊಸರಿನ ಪಕ್ಷದವಳೇ. ಅಂಗಡಿಯಲ್ಲಿ ಸಿಗುವ ಸೋಸಿದ ಗಟ್ಟಿ ಮೊಸರು, ಗ್ರೀಕ್ ಯೋಗರ್ಟ್ ತಂದು ನೋಡಿದೆ, ಮನೆಯ ಮೊಸರನ್ನು ರಾತ್ರಿ ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನಲ್ಲಿ ಸೋಸಿಯೂ ನೋಡಿದೆ. ರುಚಿಯಲ್ಲಿ ಮನೆಯದ್ದೇ ಮೇಲು. ಒಂದು ಲೀಟರ್ ಮೊಸರು ಕಟ್ಟಿದರೆ ಅರ್ಧದಷ್ಟು ಗಟ್ಟಿ ಸಿಗುತ್ತದೆ, ಕೆಳಗೆ ಬಿದ್ದ ನೀರು ಚಪಾತಿ ಹಿಟ್ಟಿಗೆ ಆಗುತ್ತದೆ. ತೊಂದರೆ ಬರುವುದು ಕಲಸಿದ ಮೇಲೆ. ಮೊಸರು ಹೆಪ್ಪುಗಟ್ಟಿರುವುದು ಹಾಲಿನ ಪ್ರೋಟೀನಿನ ಬಲೆಯಿಂದ. ಚಮಚ ಆಡಿಸಿದಷ್ಟೂ ಆ ಬಲೆ ಹರಿಯುತ್ತದೆ, ಹಿಡಿದಿಟ್ಟ ನೀರು ಹೊರಗೆ ಬರುತ್ತದೆ. ಅದರ ಜೊತೆ ಉಪ್ಪು ಬಿದ್ದ ಎಲೆಕೋಸು ತನ್ನ ನೀರನ್ನೂ ಬಿಡುತ್ತದೆ. ಎರಡು ಗಂಟೆಯ ನಂತರ ಪಾತ್ರೆ ಓರೆ ಮಾಡಿದರೆ ತಳದಲ್ಲಿ ತೆಳು ಹಸಿರು ನೀರಿನ ಮಡು. ಮೇಲಿನ ಎಲೆಕೋಸು ಬೋಳುಬೋಳು. ಮನೆಯಲ್ಲಾದರೆ ಅದಕ್ಕೊಂದು ಇಂಗಿನ ಒಗ್ಗರಣೆ ಕೊಟ್ಟು ಮೊಸರುಬಜ್ಜಿ ಎಂದು ಅನ್ನಕ್ಕೆ ಬಡಿಸಬಹುದು. ಕಾಗದದ ತಟ್ಟೆಯಲ್ಲಿ, ಬರ್ಗರ್ ಪಕ್ಕದಲ್ಲಿ, ಅದು ಹರಿದು ಬನ್ನನ್ನೆಲ್ಲ ನೆನೆಸಿಬಿಡುತ್ತದೆ.

ಡ್ರೆಸ್ಸಿಂಗ್ ಯಾವುದೇ ಇರಲಿ, ಎಲೆಕೋಸಿನ ನೀರನ್ನು ಮೊದಲೇ ತೆಗೆಯದಿದ್ದರೆ ಎಲ್ಲವೂ ಅಷ್ಟಕ್ಕಷ್ಟೇ. ಸುಮಾರು ಒಂದು ಕಿಲೋ ತೂಗುವ ಎಲೆಕೋಸನ್ನು ಎಳೆಎಳೆಯಾಗಿ ಹೆಚ್ಚಿ. ಎರಡು ಟೀ ಚಮಚ ಉಪ್ಪು ಹಾಕಿ ಕೈಯಲ್ಲಿ ಚೆನ್ನಾಗಿ ಬೆರೆಸಿ, ತೂತಿನ ಬುಟ್ಟಿಯಲ್ಲಿ ಒಂದು ಗಂಟೆ ಬಿಡಿ. ಕೆಳಗಿನ ಬಟ್ಟಲಿನಲ್ಲಿ ಅರ್ಧ ಕಪ್ಪಿನಷ್ಟು ನೀರು ನಿಂತಿರುತ್ತದೆ. ಒಮ್ಮೆ ತಣ್ಣೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿ ಗಟ್ಟಿಯಾಗಿ ಹಿಂಡಿ. ಎಳೆಗಳು ಮೆತ್ತಗಾದ ಹಾಗೆ ಕಾಣುತ್ತವೆ, ಆದರೆ ಕಚ್ಚಿದರೆ ಇನ್ನೂ ಕುರುಕಲು ಇರುತ್ತದೆ. ಡ್ರೆಸ್ಸಿಂಗಿಗೆ ಮತ್ತೆ ಉಪ್ಪು ಹಾಕುವ ಮೊದಲು ರುಚಿ ನೋಡಿಕೊಳ್ಳಿ. ಇಷ್ಟು ಮಾಡಿದ ಎಲೆಕೋಸಿಗೆ ಮೊಸರು ಹಾಕಿದರೂ ಅದು ಪಾರ್ಕಿನ ತನಕ ಮರ್ಯಾದೆಯಿಂದ ಬರುತ್ತದೆ. ಸಮಯವಿಲ್ಲದಿದ್ದರೆ ಎಲೆಕೋಸು ಬಿಡಿ, ಬ್ರಾಕೊಲಿ ಹಿಡಿಯಿರಿ. ಅದು ನೀರು ಬಿಡುವುದು ಬಹಳ ಕಡಿಮೆ. ಹಿಂದಿನ ರಾತ್ರಿ ಕಲಸಿಟ್ಟರೆ ಹುಳಿಗೆ ತುಸು ಮೆತ್ತಗಾಗಿ ಮರುದಿನ ಇನ್ನೂ ಚೆನ್ನಾಗಿರುತ್ತದೆ.

ಎಗ್‌ಲೆಸ್ ಮೇಯೊದಲ್ಲಿ ಎರಡು ಬಗೆ. ಇಂಡಿಯನ್ ಅಂಗಡಿಯಲ್ಲಿ ಸಿಗುವ, ಊರಿನಿಂದ ಬಂದ ಡಬ್ಬಿ ಒಂದು. ಇಲ್ಲಿನ ದೊಡ್ಡ ಅಂಗಡಿಗಳ, ಮೊಟ್ಟೆ ಹಾಲು ಎರಡೂ ಇಲ್ಲದ ವೀಗನ್ ಮೇಯೊ ಇನ್ನೊಂದು. ನಾನು ತಂದ ಊರಿನ ಡಬ್ಬಿಗಳು ಬರೀ ಸಿಹಿ, ಸ್ಯಾಂಡ್‌ವಿಚ್‌ಗೆ ಸರಿ, ಸಲಾಡಿಗೆ ಒಂದು ನಿಂಬೆಹಣ್ಣು ಹೆಚ್ಚಿಗೆ ಬೇಕು. ವೀಗನ್ ಮೇಯೊ ಹೆಚ್ಚುಕಡಿಮೆ ಮೊಟ್ಟೆಯ ಮೇಯೊ ಹಾಗೆಯೇ ನಿಲ್ಲುತ್ತದೆ. ಬೆಲೆ ಮಾತ್ರ ಜಾಸ್ತಿ. ಬರೀ ಅದನ್ನೇ ಹಾಕಿದರೆ ಬಾಯೆಲ್ಲ ಎಣ್ಣೆಯ ಪಸೆ ಉಳಿಯುತ್ತದೆ, ಎರಡನೇ ಚಮಚಕ್ಕೆ ಮನಸ್ಸಾಗುವುದಿಲ್ಲ.

ಹಾಗಾಗಿ ಕೊನೆಗೆ ನಾನು ನಿಂತದ್ದು ಅರ್ಧಕ್ಕರ್ಧದ ಮೇಲೆ. ಅರ್ಧ ಕಪ್ ವೀಗನ್ ಮೇಯೊ, ಅರ್ಧ ಕಪ್ ಸೋಸಿದ ಗಟ್ಟಿ ಮೊಸರು. ಎರಡು ಟೇಬಲ್ ಚಮಚ ನಿಂಬೆರಸ, ಒಂದು ಟೇಬಲ್ ಚಮಚ ಸಕ್ಕರೆ, ಒಂದು ಟೀ ಚಮಚ ಸಾಸಿವೆ ಪೇಸ್ಟ್, ಉಪ್ಪು, ಕರಿಮೆಣಸಿನ ಪುಡಿ, ಬೀಜ ತೆಗೆದು ಸಣ್ಣಗೆ ಹೆಚ್ಚಿದ ಒಂದು ಹಸಿಮೆಣಸಿನಕಾಯಿ. ಇದು ಎರಡು ದೊಡ್ಡ ಬ್ರಾಕೊಲಿಗೆ ಸಾಕು. ಕಾಂಡ ಬಿಸಾಡಬೇಡಿ. ಸಿಪ್ಪೆ ಹೆರೆದರೆ ಒಳಗಿನದ್ದು ನವಿಲುಕೋಸಿನ ಹಾಗೇ ಇರುತ್ತದೆ. ಅರ್ಧ ಕೆಂಪು ಈರುಳ್ಳಿಯನ್ನು ಹತ್ತು ನಿಮಿಷ ತಣ್ಣೀರಿನಲ್ಲಿ ನೆನೆಸಿ ಹಿಂಡಿ ಹಾಕಿ, ಘಾಟು ಹೋಗುತ್ತದೆ. ಅರ್ಧ ಕಪ್ ಒಣದ್ರಾಕ್ಷಿ ಅಥವಾ ಒಣ ಕ್ರ್ಯಾನ್‌ಬೆರಿ. ಇಲ್ಲಿನವರು ಇದಕ್ಕೆ ಬೇಕನ್ (ಉಪ್ಪು ಹಾಕಿದ ಹಂದಿಮಾಂಸ) ಚೂರು ಹಾಕುತ್ತಾರೆ. ಅದರ ಬದಲು ನಾನು ಹುರಿದ ಸೂರ್ಯಕಾಂತಿ ಬೀಜ ಹಾಕುತ್ತೇನೆ. ಮೇಯೊದ ಎಣ್ಣೆ ಮೊಸರಿನ ನೀರನ್ನು ಹಿಡಿಯುತ್ತದೆ, ಮೊಸರಿನ ಹುಳಿ ಮೇಯೊದ ಜಿಡ್ಡನ್ನು ಕತ್ತರಿಸುತ್ತದೆ. ಕೂಟದ ಪಿಕ್‌ನಿಕ್‌ನಲ್ಲಿ ಆಂಟಿಯರಿಗೂ ನಡೆಯುತ್ತದೆ, ಆಫೀಸಿನವರೂ ಬೇಕನ್ ಎಲ್ಲಿ ಎಂದು ಕೇಳಿಲ್ಲ. ಪಕ್ಕದ ಮನೆಗೆ ಹೋಗುವಾಗ ಮಾತ್ರ ನಾನು ಡ್ಯೂಕ್ಸ್‌ನಲ್ಲೇ ಮಾಡುತ್ತೇನೆ. ಅವರಿಗೆ ಆ ರುಚಿ ಗೊತ್ತು, ಬದಲಾದರೆ ಮುಖದಲ್ಲೇ ಕಾಣುತ್ತದೆ.

ಮಲೆನಾಡಿನವರು ಇಷ್ಟು ಹೊತ್ತಿಗೆ ಕೇಳಿಯೇ ಕೇಳುತ್ತಾರೆ, ನಮ್ಮ ಸಾಸಿವೆ ಏನಾಯ್ತು ಎಂದು. ಹಸಿ ತೆಂಗಿನಕಾಯಿ, ಸಾಸಿವೆಕಾಳು, ಹಸಿಮೆಣಸು ನುಣ್ಣಗೆ ರುಬ್ಬಿ ಮೊಸರಿಗೆ ಬೆರೆಸಿ ಸೌತೆಕಾಯಿ ಹಾಕುವ ಅದೂ ಕೆನೆಯಂಥ ತಣ್ಣನೆಯ ತರಕಾರಿ ಸಲಾಡೇ. ಎಲೆಕೋಸಿಗೆ ಹಾಕಿ ನೋಡಿದೆ. ರುಚಿಗೆ ಮೇಲಿನ ಯಾವುದೂ ಇದರ ಹತ್ತಿರ ಬರುವುದಿಲ್ಲ. ಆದರೆ ರುಬ್ಬಿದ ಕಾಯಿ ಬಿಸಿಲಿಗೆ ಬೇಗ ಹಳಸುತ್ತದೆ. ಬಡಿಸುವ ಹೊತ್ತಿಗೆ ರುಬ್ಬಿ ಕಲಸುವ ಪದಾರ್ಥ ಇದು. ಮನೆಗೆ ಬಂದವರಿಗೆ ಮಾಡಿ, ಪಾರ್ಕಿಗೆ ಬೇಡ.

ಬಿಸಿಲಿನ ಮಾತು ಬಂದದ್ದರಿಂದ ಒಂದು ವಿಷಯ. ಪಿಕ್‌ನಿಕ್‌ನಲ್ಲಿ ಹೊಟ್ಟೆ ಕೆಟ್ಟರೆ ಎಲ್ಲರೂ ಮೇಯೊವನ್ನೇ ದೂರುತ್ತಾರೆ. ಅಂಗಡಿಯ ಮೇಯೊ ಸಾಕಷ್ಟು ಹುಳಿ ಇರುವುದರಿಂದ, ಪಾಶ್ಚರೀಕರಿಸಿದ, ಅಂದರೆ ಹದವಾಗಿ ಬಿಸಿ ಮಾಡಿ ಕ್ರಿಮಿ ಕೊಂದ, ಮೊಟ್ಟೆಯಿಂದ ಮಾಡುವುದರಿಂದ, ಅದೊಂದೇ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಹಸಿ ಮೊಟ್ಟೆ ಒಡೆದು ಮಾಡಿದ ಮೇಯೊ ಬೇರೆ ಕಥೆ. 2024ರ ಅಕ್ಟೋಬರಿನಲ್ಲಿ ತೆಲಂಗಾಣ, 2025ರ ಏಪ್ರಿಲ್‌ನಲ್ಲಿ ತಮಿಳುನಾಡು ಒಂದೊಂದು ವರ್ಷ ನಿಷೇಧ ಹಾಕಿದ್ದು ಅಂಥದ್ದಕ್ಕೇ. ಮನೆಯಲ್ಲೇ ಮೇಯೊ ಮಾಡುವ ಹುಮ್ಮಸ್ಸಿದ್ದರೆ ಅದನ್ನು ಪಿಕ್‌ನಿಕ್‌ಗೆ ತರಬೇಡಿ. ಅಂಗಡಿಯದ್ದಾದರೂ ತರಕಾರಿ ಬೆರೆತ ಮೇಲೆ ನಿಯಮ ಒಂದೇ. ಫ್ರಿಜ್ಜಿನಿಂದ ತೆಗೆದ ಮೇಲೆ ಎರಡು ಗಂಟೆ, ಹೊರಗೆ 90 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 32 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಒಂದೇ ಗಂಟೆ. ಇಲ್ಲಿ ಜುಲೈನಲ್ಲಿ ಅದು ದಾಟುವ ದಿನಗಳು ಬೇಕಾದಷ್ಟು. ಅಗಲವಾದ ಅಲ್ಯೂಮಿನಿಯಂ ಟ್ರೇಯಲ್ಲಿ ಐಸ್ ತುಂಬಿ, ಅದರೊಳಗೆ ಸಲಾಡಿನ ಪಾತ್ರೆ ಇಡಿ. ಎಲ್ಲವನ್ನೂ ಒಟ್ಟಿಗೆ ಹೊರಗಿಡದೆ ಅರ್ಧವನ್ನು ಐಸ್ ಬಾಕ್ಸಿನಲ್ಲೇ ಬಿಟ್ಟು, ಖಾಲಿಯಾದ ಹಾಗೆ ತುಂಬಿಸಿ.

ಸೂರ್ಯಕಾಂತಿ ಬೀಜವನ್ನು ಬೇರೆ ಪೊಟ್ಟಣದಲ್ಲಿ ಒಯ್ದು ಬಡಿಸುವಾಗ ಉದುರಿಸಿ. ಮೊದಲೇ ಹಾಕಿದರೆ ನೆನೆದು ರಬ್ಬರಿನ ಹಾಗಾಗುತ್ತದೆ. ಪಾತ್ರೆಯ ಮೇಲೆ ಒಂದು ಚೀಟಿ ಅಂಟಿಸಿ: ಮೊಟ್ಟೆ ಇಲ್ಲ, ಹಾಲು ಇದೆ, ಕಡಲೆಕಾಯಿ ಇಲ್ಲ, ಹಸಿಮೆಣಸು ಇದೆ. ಕೂಟದ ಪಿಕ್‌ನಿಕ್ ಆದರೆ ಕನ್ನಡದಲ್ಲೂ ಬರೆಯಿರಿ, ಊರಿನಿಂದ ಬಂದ ಅಪ್ಪ ಅಮ್ಮಂದಿರು ಇರುತ್ತಾರೆ.